ಸೊಂಟ ಮುರಿದವನಿಗೆ ಎಷ್ಟು ಅಂಕ?

"ಮೇಷ್ಟ್ರೆ, ಇದರಲ್ಲಿ ನಾನು ಪಾಸೋ ಫೇಲೋ ನೋಡಿ ಹೇಳಿ" ಎನ್ನುತ್ತ ಆತ ಪ್ಲಾಸ್ಟಿಕ್ ಚೀಲದೊಳಗಿಂದ ಆಸ್ಪತ್ರೆಯ ಫೈಲನ್ನು ತೆಗೆದು ನನ್ನ ಮುಂದಿಟ್ಟ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಎಂಟನೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ವಿಜ್ಞಾನದಲ್ಲಿ ಅವನಿಗೆ ಎಂದೂ ಮೂವತ್ತೈದು ದಾಟಿದ್ದಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ನಮ್ಮ ಸೀಮೆಯಲ್ಲೇ ಹೆಸರುವಾಸಿಯಾದ ಕೊನೆಗೌಡನಾದ. ಅಡಿಕೆ ಮರವೇರಿ ಕೊನೆ ಇಳಿಸುವವರನ್ನು ಮಲೆನಾಡಿನ ನಮ್ಮ ಕಡೆ ಹಾಗೆ ಕರೆಯುತ್ತಾರೆ. ಒಂದು ಮರದ ತುದಿಯಿಂದ ಪಕ್ಕದ ಮರಕ್ಕೆ ನೆಲ ಮುಟ್ಟದೆ ದಾಟಬಲ್ಲವನಾಗಿದ್ದ.

2018ರ ಮಳೆಗಾಲದಲ್ಲಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಏರಿದ್ದಾಗ, ಪಾಚಿಗಟ್ಟಿದ ಮರದಲ್ಲಿ ಕಾಲಿನ ತಳೆ ಜಾರಿ ಮೂವತ್ತು ಅಡಿ ಮೇಲಿನಿಂದ ಬಿದ್ದ. ಎಡಗಾಲು ಊರಿ, ಎಡ ಕುಂಡೆಯ ಮೇಲೆ ಬಿದ್ದದ್ದು. ತಲೆಗೆ ಏಟಾಗಲಿಲ್ಲ, ಬೆನ್ನುಹುರಿಗೂ ಏನಾಗಲಿಲ್ಲ. ಆದರೆ ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮುಂದೆ ಪ್ಲೇಟು, ಹಿಂದೆ ಸ್ಕ್ರೂ ಹಾಕಿ ಕೂಡಿಸಿದರು. ಹನ್ನೆರಡು ವಾರ ಎಡಗಾಲು ನೆಲಕ್ಕೆ ಊರುವಂತಿರಲಿಲ್ಲ.

ನನ್ನ ಮುಂದೆ ಇಟ್ಟ ಫೈಲು ಒಂದು ವರ್ಷದ ನಂತರದ ತಪಾಸಣೆಯದು. ಅದರಲ್ಲೊಂದು ಹಾಳೆ. ಏಳು ಸಾಲು, ಎದುರಿಗೆ ಅಂಕಗಳು: 25, 12, 8, 4, 12, 10, 10. ಕೆಳಗೆ ಮೊತ್ತ 81. ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಗುಡ್' ಎಂಬ ಷರಾ.

"ಪಾಸು ಮಾರಾಯ, ಫಸ್ಟ್ ಕ್ಲಾಸು" ಎಂದೆ.

ಆತ ನಗಲಿಲ್ಲ. "ಮತ್ತೆ ಮರ ಹತ್ತೋಕೆ ಆಗಲ್ಲ ಅಂದ್ರಲ್ಲ ಡಾಕ್ಟರು" ಎಂದ.

ಮೂವತ್ತು ವರ್ಷದ ಹತ್ತಿರ ಮಕ್ಕಳ ಉತ್ತರ ಪತ್ರಿಕೆಗಳಿಗೆ ಅಂಕ ಹಾಕುತ್ತ ಬಂದ ನನಗೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಮುರಿದು ಕೂಡಿದ ದೇಹಕ್ಕೆ ಅಂಕ ಹಾಕುವುದು ಹೇಗೆ? ಯಾರು ಹಾಕಬೇಕು? ಯಾವುದಕ್ಕೆ ಎಷ್ಟು? ಅದರ ಹಿಂದಿನ ಸ್ವಾರಸ್ಯವನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಒಂದು ಬಳೆ, ಎರಡು ಒಡಕು

ನಾವು ಸೊಂಟ ಎಂದು ಸಡಿಲವಾಗಿ ಕರೆಯುವ ಜಾಗದ ಒಳಗೆ ಇರುವ ಮೂಳೆಗಳ ಕಟ್ಟನ್ನು ಶ್ರೋಣಿ ಎನ್ನುತ್ತಾರೆ. ವೈದ್ಯರ ಬಾಯಲ್ಲಿ ಪೆಲ್ವಿಸ್. ಎಡಕ್ಕೊಂದು ಬಲಕ್ಕೊಂದು ದೊಡ್ಡ ಮೂಳೆ, ಹಿಂದೆ ಬೆನ್ನೆಲುಬಿನ ಬುಡದಲ್ಲಿ ತ್ರಿಕೋನಾಕಾರದ ತ್ರಿಕಾಸ್ಥಿ, ಈ ಮೂರೂ ಸೇರಿ ಒಂದು ಬಳೆಯಂತೆ ಕೂತಿವೆ. ಮುಂದುಗಡೆ ಎರಡು ಮೂಳೆಗಳು ಮೆತ್ತನೆಯ ಮೃದ್ವಸ್ಥಿಯ ಮೂಲಕ ಕೂಡುತ್ತವೆ. ಹಿಂದೆ ತ್ರಿಕಾಸ್ಥಿಗೆ ಅವನ್ನು ಬಿಗಿದಿಟ್ಟಿರುವುದು ದೇಹದ ಅತಿ ಗಟ್ಟಿಯಾದ ಅಸ್ಥಿರಜ್ಜುಗಳಲ್ಲಿ ಕೆಲವು. ಮೇಲಿನ ದೇಹದ ಭಾರವೆಲ್ಲ ಈ ಬಳೆಯ ಹಿಂಭಾಗದಿಂದ ಇಳಿದು ಎರಡು ಕಾಲುಗಳಿಗೆ ಹಂಚಿಹೋಗುತ್ತದೆ.

ಗಾಜಿನ ಬಳೆಯೊಂದನ್ನು ಅದುಮಿ ನೋಡಿ. ಒಂದೇ ಕಡೆ ಒಡೆಯುವುದು ಅಪರೂಪ. ಪೆಲ್ವಿಸ್ ಕೂಡ ಹಾಗೆಯೇ. ಮುಂದೆ ಒಂದು ಒಡಕು ಕಂಡರೆ ಹಿಂದೆಯೂ ಒಂದಿದೆಯೇ ಎಂದು ವೈದ್ಯರು ಹುಡುಕುತ್ತಾರೆ. ಕೆನಡಾದ ಮಾರ್ವಿನ್ ಟೈಲ್ ಎಂಬ ಶಸ್ತ್ರವೈದ್ಯರು ಇಂಥ ಮುರಿತಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಬಳೆ ಅಲುಗಾಡದೆ ಗಟ್ಟಿಯಾಗಿ ಉಳಿದದ್ದು, ಪುಸ್ತಕದ ಹಾಳೆಯಂತೆ ತೆರೆಯುವ ಅಥವಾ ಮುಚ್ಚುವ, ಆದರೆ ಮೇಲೆ ಕೆಳಗೆ ಜಾರದ್ದು, ಎಲ್ಲ ದಿಕ್ಕಿಗೂ ಸಡಿಲಾದದ್ದು. ಯಂಗ್ ಮತ್ತು ಬರ್ಜೆಸ್ ಎಂಬವರು ಏಟು ಬಿದ್ದ ದಿಕ್ಕನ್ನು ಹಿಡಿದು ಇನ್ನೊಂದು ವಿಂಗಡಣೆ ಮಾಡಿದರು. ಪಕ್ಕದಿಂದ ವಾಹನ ಗುದ್ದಿದರೆ ಒಂದು ಬಗೆ, ಮುಂದಿನಿಂದ ಜಜ್ಜಿದರೆ ಇನ್ನೊಂದು, ಎತ್ತರದಿಂದ ಕಾಲೂರಿ ಬಿದ್ದರೆ ಮತ್ತೊಂದು. ನಮ್ಮ ಕೊನೆಗೌಡನದು ಈ ಕೊನೆಯ ಜಾತಿಯದು. ಬಳೆಯ ಎಡ ಅರ್ಧ ಮೇಲಕ್ಕೆ ಜರುಗಿತ್ತು.

ಈ ಬಳೆಯ ಒಳಗೆ ಮೂತ್ರಕೋಶ, ಮೂತ್ರನಾಳ, ಗುದನಾಳ, ಹೆಂಗಸರಲ್ಲಿ ಗರ್ಭಕೋಶ, ಕಾಲಿಗೆ ಹೋಗುವ ನರಗಳ ಗಂಟು, ದೊಡ್ಡ ರಕ್ತನಾಳಗಳ ಜಾಲ ಎಲ್ಲ ಇವೆ. ಆದ್ದರಿಂದ ಇಲ್ಲಿನ ಮುರಿತ ಮೂಳೆಯ ವ್ಯವಹಾರ ಮಾತ್ರವಲ್ಲ. ವಯಸ್ಕರ ಮೈಯಲ್ಲಿರುವ ರಕ್ತ ಸುಮಾರು ಐದು ಲೀಟರ್. ಸಡಿಲಾದ ಪೆಲ್ವಿಸ್‌ನೊಳಗೆ ಅದರಲ್ಲಿ ಲೀಟರುಗಟ್ಟಲೆ, ಹೊರಗೆ ಒಂದು ಹನಿಯೂ ಕಾಣದಂತೆ, ಸೋರಿಹೋಗಬಲ್ಲದು. ಅಂಥವರನ್ನು ಕೂರಿಸುವುದು, ನಿಲ್ಲಿಸಿ ನೋಡುವುದು ಸಲ್ಲದು. ತರಬೇತಿ ಇದ್ದವರು ತೊಡೆಮೂಳೆಯ ಮೇಲ್ತುದಿ ಪಕ್ಕಕ್ಕೆ ಉಬ್ಬಿರುವ ಮಟ್ಟದಲ್ಲಿ, ಹೊಟ್ಟೆಯ ಮಟ್ಟದಲ್ಲಲ್ಲ, ಅಗಲವಾದ ಪಟ್ಟಿಯನ್ನೋ ಮಡಿಸಿದ ದುಪ್ಪಟಿಯನ್ನೋ ಬಿಗಿದು ಬಳೆಯನ್ನು ಮುಚ್ಚುತ್ತಾರೆ. ನಮ್ಮವನನ್ನು ಜೀಪಿನಲ್ಲಿ ಕೂರಿಸಿಕೊಂಡೇ ಒಯ್ದಿದ್ದರು. ದಾರಿಯಲ್ಲಿ ಸಿಕ್ಕ ಸಣ್ಣ ಆಸ್ಪತ್ರೆಯ ನರ್ಸಮ್ಮ ಬೈದು, ಮಲಗಿಸಿ, ಹಾಸಿಗೆಯ ಬಟ್ಟೆ ಬಿಗಿದು ಕಟ್ಟಿ ಕಳಿಸಿದರಂತೆ. ಬದುಕಿದ.

ಬದುಕಿದ ಮೇಲೆ ಏನು ಎಂಬುದು ನಮ್ಮ ಇಂದಿನ ಪ್ರಶ್ನೆ.

ಒಂದು ವರ್ಷದ ನಂತರ ಕೇಳಿದವರು

ರೋಗಿ ಆಸ್ಪತ್ರೆಯಿಂದ ಮನೆಗೆ ಹೋದ ಕೂಡಲೇ ಲೆಕ್ಕ ಮುಗಿಯಿತು ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. ಅದನ್ನು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಒಬ್ಬರು. ಜನನ 1869. ಅವರ ವಾದ ಬಹಳ ಸರಳ. ಚಿಕಿತ್ಸೆ ಪಡೆದ ಪ್ರತಿಯೊಬ್ಬನನ್ನೂ ಸಾಕಷ್ಟು ಕಾಲ ಹಿಂಬಾಲಿಸಬೇಕು. ಗುಣವಾಯಿತೇ ಎಂದು ಕೇಳಬೇಕು. ಆಗದಿದ್ದರೆ ಯಾಕಾಗಲಿಲ್ಲ ಎಂದು ಬರೆದಿಡಬೇಕು. ಇದಕ್ಕೆ 'ಅಂತಿಮ ಫಲ' ಎಂಬರ್ಥದ ಹೆಸರಿಟ್ಟರು.

ಸಹೋದ್ಯೋಗಿಗಳಿಗೆ ಇದು ರುಚಿಸಲಿಲ್ಲ. ಕಾಡ್‌ಮನ್ 1911ರಲ್ಲಿ ತಮ್ಮದೇ ಪುಟ್ಟ ಆಸ್ಪತ್ರೆ ತೆರೆದರು. 1911ರಿಂದ 1916ರವರೆಗೆ ಅಲ್ಲಿಂದ ಹೊರಹೋದ 337 ರೋಗಿಗಳ ವಿಚಾರದಲ್ಲಿ 123 ತಪ್ಪುಗಳಾಗಿವೆ ಎಂದು ತಾವೇ ಅಚ್ಚು ಹಾಕಿಸಿ ಹಂಚಿದರು. ತನ್ನ ತಪ್ಪಿನ ಪಟ್ಟಿಯನ್ನು ತಾನೇ ಪ್ರಕಟಿಸುವ ಮೇಷ್ಟರನ್ನೂ ನಾನು ಕಂಡಿಲ್ಲ, ಡಾಕ್ಟರ ಮಾತು ಹಾಗಿರಲಿ! 1915ರ ಜನವರಿಯಲ್ಲಿ ಒಂದು ಸಭೆಯಲ್ಲಿ ಅವರು ವ್ಯಂಗ್ಯಚಿತ್ರವೊಂದನ್ನು ಪ್ರದರ್ಶಿಸಿದರು. ಮರಳಿನಲ್ಲಿ ತಲೆ ಹೂತ ಉಷ್ಟ್ರಪಕ್ಷಿ ವೈದ್ಯರ ಕಡೆಗೆ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿರುವ ಚಿತ್ರ. ಪಕ್ಷಿ ಎಂದರೆ ದುಡ್ಡು ಕೊಟ್ಟರೂ ಫಲ ಕೇಳದ ಜನ. ಊರಿಗೆ ಊರೇ ಅವರ ಮೇಲೆ ಮುನಿಯಿತು. 1940ರಲ್ಲಿ ತೀರಿಕೊಂಡಾಗ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. 2014ರಲ್ಲಿ ಶಸ್ತ್ರವೈದ್ಯರೇ ಅಲ್ಲೊಂದು ಕಲ್ಲು ನಿಲ್ಲಿಸಿದರು. ಇಂದು ಆಸ್ಪತ್ರೆಗಳಲ್ಲಿ ವರ್ಷದ ನಂತರ ರೋಗಿಯನ್ನು ಕರೆಸಿ ಹಾಳೆ ತುಂಬಿಸುವ ಪದ್ಧತಿಯ ಹಿಂದೆ ಈ ಹಟಮಾರಿಯ ನೆರಳಿದೆ.

ನೂರು ಅಂಕದ ಪತ್ರಿಕೆ

ಈಗ ನಮ್ಮವನ ಹಾಳೆಗೆ ಬರೋಣ. ಅದು ಮಜೀದ್ ಎಂಬ ವೈದ್ಯರು 1989ರಲ್ಲಿ ಬ್ರಿಟನ್ನಿನ ಮೂಳೆ ವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಅಂಕಪಟ್ಟಿ. ಪೆಲ್ವಿಸ್ ಮುರಿದವರಿಗಾಗಿಯೇ ಮಾಡಿದ್ದು. ಜಗತ್ತಿನಾದ್ಯಂತ ಇಂದಿಗೂ ಬಳಕೆಯಲ್ಲಿದೆ. ಒಟ್ಟು ನೂರು ಅಂಕ. ವಿಂಗಡಣೆ ಹೀಗೆ.

ನೋವಿಗೆ 30. ಮಲಗಿದ್ದಾಗಲೂ ಬಿಡದ ತೀವ್ರ ನೋವಿದ್ದರೆ ಸೊನ್ನೆಯಿಂದ 5. ಕೆಲಸ ಮಾಡಿದಾಗ ನೋವು ಬಂದು ವಿಶ್ರಾಂತಿಯಿಂದ ಹೋದರೆ 20. ಆಗೊಮ್ಮೆ ಈಗೊಮ್ಮೆ ಸಣ್ಣಗೆ ಬಂದು, ದೈನಂದಿನ ಕೆಲಸಕ್ಕೆ ತೊಡಕಿಲ್ಲದಿದ್ದರೆ 25. ಇಲ್ಲವೇ ಇಲ್ಲ ಎನ್ನುವಂತಿದ್ದರೆ ಪೂರ್ತಿ 30.

ಉದ್ಯೋಗಕ್ಕೆ 20. ಹಳೆಯ ಕೆಲಸವನ್ನೇ ಹಳೆಯ ಹಾಗೆಯೇ ಮಾಡುತ್ತಿದ್ದರೆ 20. ಅದೇ ಕೆಲಸ, ಸಾಮರ್ಥ್ಯ ಕಡಿಮೆ ಎಂದರೆ 16. ಕೆಲಸವನ್ನೇ ಬದಲಿಸಬೇಕಾಗಿ ಬಂದರೆ 12. ಹಗುರ ಕೆಲಸ ಮಾತ್ರವಾದರೆ 8. ಕೂರುವುದಕ್ಕೆ 10. ದಾಂಪತ್ಯದ ಲೈಂಗಿಕ ಜೀವನಕ್ಕೆ 4. ಉಳಿದ 36 ಅಂಕ ನಿಲ್ಲುವುದಕ್ಕೆ ಮತ್ತು ನಡೆಯುವುದಕ್ಕೆ. ಅದನ್ನು ಮೂರು ಭಾಗ ಮಾಡಿ ತಲಾ 12 ಕೊಟ್ಟಿದ್ದಾರೆ: ಊರುಗೋಲು ಬೇಕೇ, ಕೋಲಿಲ್ಲದೆ ನಡೆದಾಗ ಎಷ್ಟು ಕುಂಟು, ಎಷ್ಟು ದೂರ ನಡೆಯಬಲ್ಲ.

ಮೊತ್ತ 85ಕ್ಕೆ ಮೇಲ್ಪಟ್ಟರೆ ಅತ್ಯುತ್ತಮ, 70ರಿಂದ 84 ಉತ್ತಮ, 55ರಿಂದ 69 ಸಾಧಾರಣ, ಅದಕ್ಕೂ ಕೆಳಗೆ ಕಳಪೆ. ಏಟಾಗುವ ಮೊದಲೇ ದುಡಿಯುತ್ತಿರದಿದ್ದವರಿಗೆ ಉದ್ಯೋಗದ 20 ಅಂಕ ಬಿಟ್ಟು 80ಕ್ಕೆ ಲೆಕ್ಕ.

ಇದರ ಗುಣ ಎದ್ದು ಕಾಣುವಂಥದು. ಎಕ್ಸ್-ರೇ ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಎರಡು ಬಗೆಯ ಶಸ್ತ್ರಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ನೂರಾರು ರೋಗಿಗಳನ್ನು ಹೋಲಿಸಲು ಇಂಥದೊಂದು ಅಳತೆಗೋಲು ಬೇಕೇ ಬೇಕು. ಅದಿಲ್ಲದಿದ್ದರೆ ಪ್ರತಿ ಡಾಕ್ಟರೂ 'ನನ್ನ ರೋಗಿಗಳೆಲ್ಲ ಚೆನ್ನಾಗಿದ್ದಾರೆ' ಎಂದು ಹೇಳಿ ಮುಗಿಸಬಹುದು.

ಮೇಷ್ಟರ ಸಂಶಯಗಳು

ಆದರೆ ಅಂಕ ಹಾಕಿ ಕೈ ಪಳಗಿದವರಿಗೆ ಕೆಲವು ಸಂಶಯ ಬಾರದೆ ಇರದು.

ಮೊದಲನೆಯದು, ಕೂಡುವ ವಿಚಾರ. ಐದು ಸೆಂಟಿಮೀಟರಿಗೆ ಐದು ಸೇರಿಸಿದರೆ ಹತ್ತು ಸೆಂಟಿಮೀಟರು. ಆದರೆ ನೋವಿನಲ್ಲಿ 20ರಿಂದ 25ಕ್ಕೆ ಏರುವುದೂ, 10ರಿಂದ 15ಕ್ಕೆ ಏರುವುದೂ ಒಂದೇ ಅಳತೆಯ ನೆಮ್ಮದಿಯೇ? ಓಟದಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ ಇರುವ ಅಂತರ, ಎರಡನೆಯವನಿಗೂ ಮೂರನೆಯವನಿಗೂ ಇರುವ ಅಂತರ ಸಮವಾಗಿರಬೇಕೆಂದಿಲ್ಲವಷ್ಟೆ. ಈ ಅಂಕಗಳೂ ಹಾಗೆ ಮೆಟ್ಟಿಲಿನ ಕ್ರಮ ಹೇಳುತ್ತವೆಯೇ ಹೊರತು ಮೆಟ್ಟಿಲಿನ ಎತ್ತರವನ್ನಲ್ಲ. ಮೇಲಾಗಿ, ನಡಿಗೆಯಲ್ಲಿ ಕಳೆದುಕೊಂಡ ನಾಲ್ಕು ಅಂಕವನ್ನು ನೋವಿನಲ್ಲಿ ಗಳಿಸಿದ ಐದು ಅಂಕ ತುಂಬಿಕೊಡುತ್ತದೆ. ಕಾಗದದ ಮೇಲೆ ಲಾಭ, ಮನುಷ್ಯನಿಗೆ?

ಎರಡನೆಯದು, ಹಿಂದಿನ ಅಳತೆ ಇಲ್ಲದಿರುವುದು. ಪ್ರಯೋಗಶಾಲೆಯಲ್ಲಿ ಬಿಸಿ ಮಾಡುವ ಮೊದಲು ಉಷ್ಣಾಂಶ ಬರೆದುಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತೇವೆ. ಮರದಿಂದ ಬೀಳುವ ಮುನ್ನ ಯಾರೂ ಬಂದು ಅಂಕ ಬರೆಸಿಕೊಳ್ಳುವುದಿಲ್ಲ. 'ಮೊದಲು ಹೇಗಿದ್ದಿ' ಎಂದರೆ ಎಲ್ಲರೂ ನೆನಪಿನಿಂದಲೇ ಹೇಳಬೇಕು. ಕಷ್ಟದಲ್ಲಿರುವವನಿಗೆ ಹಿಂದಿನ ದಿನಗಳು ಇದ್ದದ್ದಕ್ಕಿಂತ ಚೆನ್ನಾಗಿ ಕಾಣುವುದುಂಟು. ತದ್ವಿರುದ್ಧವಾಗಿ, ವರ್ಷ ಕಳೆದಂತೆ ಮನುಷ್ಯ ಹೊಂದಿಕೊಂಡು, ಆಸೆಯನ್ನೇ ಇಳಿಸಿಕೊಂಡು, ಅದೇ ಕುಂಟಿಗೆ ಹೆಚ್ಚು ಅಂಕ ಕೊಡುವುದೂ ಉಂಟು.

ಮೂರನೆಯದು, ಉದ್ಯೋಗದ ಅಂಕಣ. ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು, ಬಾವಿಯಿಂದ ನೀರು ಸೇದಿ, ಒಲೆಯ ಮುಂದೆ ಕೂರುವ ಹೆಂಗಸು ಕೇಸ್ ಶೀಟಿನಲ್ಲಿ 'ಮನೆಯಲ್ಲಿದ್ದಾರೆ' ಎಂದಷ್ಟೇ ಆಗಿಬಿಡುತ್ತಾಳೆ. ಅವಳಿಗೆ ನೂರಕ್ಕೋ ಎಂಬತ್ತಕ್ಕೋ? ಬಚ್ಚಲಲ್ಲಿ ಜಾರಿಬಿದ್ದು ಪೆಲ್ವಿಸ್ ಬಿರುಕು ಬಿಡುವ ವಯಸ್ಸಾದ ತಾಯಂದಿರೂ ಇದ್ದಾರೆ. ಮೂಳೆ ಸವೆದಿರುವುದರಿಂದ ಅವರಿಗೆ ಮರದಿಂದ ಬೀಳಬೇಕಾದ್ದಿಲ್ಲ. ಮಗನ ಆಸರೆಯಿಲ್ಲದೆ ದೇವಸ್ಥಾನಕ್ಕೆ ಹೋಗಿಬರುವುದು ಅವರಿಗೆ ಇಡೀ ಪತ್ರಿಕೆಗಿಂತ ದೊಡ್ಡ ಪ್ರಶ್ನೆಯಾಗಿರಬಹುದು.

ನಾಲ್ಕನೆಯದು, ಕೇಳದೆ ಬಿಟ್ಟ ಪ್ರಶ್ನೆ. ನಮ್ಮವನ ಹಾಳೆಯಲ್ಲಿ ದಾಂಪತ್ಯದ ಸಾಲಿಗೆ ನಾಲ್ಕಕ್ಕೆ ನಾಲ್ಕು ಬಿದ್ದಿತ್ತು. ನಾನು ಸಂಕೋಚದಿಂದಲೇ ಅದೇನೆಂದು ವಿವರಿಸಿದೆ. "ಅದನ್ನ ಯಾರೂ ಕೇಳೇ ಇಲ್ಲ ಮೇಷ್ಟ್ರೆ" ಎಂದಷ್ಟೇ ಹೇಳಿ ತೋಟದ ಕಡೆ ಮುಖ ತಿರುಗಿಸಿದ. ಪೆಲ್ವಿಸ್ ಮುರಿತದಲ್ಲಿ ಮೂತ್ರನಾಳಕ್ಕೂ ನರ, ರಕ್ತನಾಳಗಳಿಗೂ ಪೆಟ್ಟಾಗುವುದರಿಂದ ಗಂಡಸರಲ್ಲಿ ಲೈಂಗಿಕ ದೌರ್ಬಲ್ಯ, ಹೆಂಗಸರಲ್ಲಿ ನೋವು ಉಳಿಯುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಇವುಗಳಲ್ಲಿ ಎಷ್ಟೋ ತೊಂದರೆಗೆ ಚಿಕಿತ್ಸೆಯೂ ಉಂಟು. ಆದರೆ ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ, ಹಿಂದೆ ಹತ್ತು ಜನ ಸಾಲು ನಿಂತಿರುವಾಗ, ಪ್ರಾಯದ ಡಾಕ್ಟರು ಕೇಳಲು ನಾಚುತ್ತಾರೆ, ರೋಗಿ ಹೇಳಲು ನಾಚುತ್ತಾನೆ. ಖಾಲಿ ಬಿಡಬೇಕಾದಲ್ಲಿ ಪೂರ್ಣಾಂಕ ಬೀಳುತ್ತದೆ. ಇದನ್ನು ತಪ್ಪು ಉತ್ತರ ಎನ್ನುವುದಕ್ಕಿಂತ, ಉತ್ತರ ಬರೆಯದ ಪ್ರಶ್ನೆಗೆ ಕೊಟ್ಟ ಅಂಕ ಎನ್ನಬೇಕು.

ಐದನೆಯದು, 'ಅಡ್ಡಿಲ್ಲ.' ನಮ್ಮ ಕಡೆಯ ಜನಕ್ಕೆ 'ಹೇಗಿದ್ದೀರಿ' ಎಂದರೆ ಬರುವ ಮೊದಲ ಉತ್ತರ ಇದೇ. ಜ್ವರ ಇದ್ದರೂ ಅಡ್ಡಿಲ್ಲ, ಸಾಲ ಇದ್ದರೂ ಅಡ್ಡಿಲ್ಲ. ಅದರಲ್ಲೂ ಪ್ರಾಣ ಉಳಿಸಿದ ಡಾಕ್ಟರೇ ಎದುರು ಕೂತು ಕೇಳಿದರೆ ಅವರ ಮನಸ್ಸು ನೋಯಿಸಲು ಯಾರು ಬಯಸುತ್ತಾರೆ? ಆದ್ದರಿಂದಲೇ ಒಳ್ಳೆಯ ಅಧ್ಯಯನಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರಲ್ಲದೆ ಬೇರೆಯವರಿಂದ ಅಂಕ ಹಾಕಿಸುತ್ತಾರೆ. ಇನ್ನು ಬಸ್ಸಿನ ಚಾರ್ಜು, ಒಂದು ದಿನದ ಕೂಲಿ ಎರಡನ್ನೂ ಕಳೆದುಕೊಳ್ಳಲಾರದೆ ತಪಾಸಣೆಗೇ ಬಾರದವರ ಅಂಕ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಗೈರುಹಾಜರಾದ ಮಕ್ಕಳನ್ನು ಬಿಟ್ಟು ತರಗತಿಯ ಸರಾಸರಿ ತೆಗೆದಂತೆ ಇದು.

ಮಿಲಿಮೀಟರಿನ ಲೆಕ್ಕ, ಮನುಷ್ಯನ ಲೆಕ್ಕ

ಹಾಗಾದರೆ ಎಕ್ಸ್-ರೇ ನಂಬಬಹುದಲ್ಲ, ಅದು ಸುಳ್ಳು ಹೇಳುವುದಿಲ್ಲವಲ್ಲ ಎನ್ನುವವರಿದ್ದಾರೆ. ಅದಕ್ಕೂ ಅಂಕಗಳಿವೆ. ಮಟ್ಟಾ ಮತ್ತು ಟೋರ್ನೆಟ್ಟಾ ಎಂಬ ಅಮೆರಿಕದ ವೈದ್ಯರು 1996ರಲ್ಲಿ ಬಳಕೆಗೆ ತಂದ ಕ್ರಮದಲ್ಲಿ, ಕೂಡಿಸಿದ ಮೇಲೆ ಬಳೆಯಲ್ಲಿ ಉಳಿದ ಜರುಗು 4 ಮಿಲಿಮೀಟರಿನ ಒಳಗಿದ್ದರೆ ಅತ್ಯುತ್ತಮ, 10ರ ಒಳಗಾದರೆ ಉತ್ತಮ, 20ರ ಒಳಗಾದರೆ ಸಾಧಾರಣ, ಮೀರಿದರೆ ಕಳಪೆ. ಮೂಳೆ ನೇರವಾಗಿ ಕೂಡುವುದು ಮುಖ್ಯವೇ. ಇಲ್ಲದಿದ್ದರೆ ಒಂದು ಕಾಲು ಗಿಡ್ಡವಾಗಬಹುದು, ಕೂತಾಗ ದೇಹ ವಾಲಬಹುದು. ಆದರೂ ಎಕ್ಸ್-ರೇಯಲ್ಲಿ ಅತ್ಯುತ್ತಮ ಎನಿಸಿದವರು ನೋವಿನಿಂದ ನರಳುವುದು, ಜರುಗಿದ ಮೂಳೆಯವರು ಗದ್ದೆ ಉಳುವುದು ಎರಡನ್ನೂ ವೈದ್ಯರು ಕಂಡಿದ್ದಾರೆ. ನರಕ್ಕಾದ ಪೆಟ್ಟು, ಜೊತೆಗೇ ಮುರಿದ ಕಾಲಿನ ಮೂಳೆ, ಮತ್ತೆ ಬಿದ್ದೇನೆಂಬ ಭಯ ಇವು ಯಾವುವೂ ಎಕ್ಸ್-ರೇ ಫಿಲ್ಮಿನಲ್ಲಿ ಮೂಡುವುದಿಲ್ಲ.

ಈ ಕಾರಣಕ್ಕೆ ಸೊಂಟವೆಂದೇ ಅಲ್ಲ, ಯಾವ ಕಾಯಿಲೆಗಾದರೂ ಹೊಂದುವ, ರೋಗಿಯೇ ತುಂಬುವ ಪತ್ರಿಕೆಗಳು ಬಂದವು. 36 ಪ್ರಶ್ನೆಗಳ 'ಎಸ್‌ಎಫ್-36' 1992ರಲ್ಲಿ ಪ್ರಕಟವಾಯಿತು. ದೇಹಬಲ, ನೋವು, ಉತ್ಸಾಹ, ಜನರೊಡನೆ ಬೆರೆಯುವುದು, ಮನಸ್ಸಿನ ನೆಮ್ಮದಿ ಮುಂತಾದ ಎಂಟು ಬಗೆಯನ್ನು ಅಳೆಯುತ್ತದೆ. ಯುರೋಪಿನ ತಜ್ಞರ ಗುಂಪೊಂದು 1990ರಲ್ಲಿ ಮುಂದಿಟ್ಟ ಇನ್ನೊಂದು ಪತ್ರಿಕೆಯ ಇಂದಿನ ಹೆಸರು 'ಇಕ್ಯೂ-5ಡಿ'. ಅದರಲ್ಲಿ ಐದೇ ಪ್ರಶ್ನೆ: ಓಡಾಟ, ಸ್ನಾನ-ಬಟ್ಟೆಯಂಥ ಸ್ವಂತ ಕೆಲಸ, ದಿನನಿತ್ಯದ ಚಟುವಟಿಕೆ, ನೋವು, ಚಿಂತೆ. ಪ್ರತಿಯೊಂದಕ್ಕೂ ಮೂರು ಉತ್ತರಗಳಿದ್ದಾಗ ಒಟ್ಟು ಸ್ಥಿತಿಗಳು 3ರ ಐದನೇ ಘಾತ, ಅಂದರೆ 243. ಈಚಿನ ಐದು ಉತ್ತರಗಳ ಆವೃತ್ತಿಯಲ್ಲಿ 5ರ ಐದನೇ ಘಾತ, 3125. ಕೊನೆಯಲ್ಲಿ ಉಷ್ಣಮಾಪಕದಂತೆ ನಿಂತ 20 ಸೆಂಟಿಮೀಟರಿನ ಒಂದು ಗೆರೆ. ಬುಡದಲ್ಲಿ ಸೊನ್ನೆ, ತುದಿಯಲ್ಲಿ ನೂರು. 'ಇವತ್ತು ನಿಮ್ಮ ಆರೋಗ್ಯ ಎಲ್ಲಿದೆ, ಗುರುತು ಹಾಕಿ' ಎನ್ನುತ್ತದೆ ಅದು.

ಗಡಿಯಾರ, ತಕ್ಕಡಿ, ಕೋಲು

ಮಾತಿನ ಉತ್ತರದ ಜೊತೆಗೆ ಕಣ್ಣಿಗೆ ಕಾಣುವ ಅಳತೆಗಳೂ ಇವೆ. ನಮ್ಮಂಥವರಿಗೆ ಇವು ಹೆಚ್ಚು ಆಪ್ಯಾಯಮಾನ.

ಒಂದು ಕುರ್ಚಿ, ಮೂರು ಮೀಟರ್ ಜಾಗ, ಒಂದು ಗಡಿಯಾರ. ಎದ್ದು ನಡೆದು ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು? ವಯಸ್ಸಾದವರಿಗಾಗಿ 1991ರಲ್ಲಿ ಬಂದ ಈ ಪರೀಕ್ಷೆಯಲ್ಲಿ 20 ಸೆಕೆಂಡಿನೊಳಗೆ ಮುಗಿಸುವವರು ಸಾಮಾನ್ಯವಾಗಿ ಸ್ವತಂತ್ರವಾಗಿ ಓಡಾಡುವವರು. 30 ದಾಟುವವರಿಗೆ ಇನ್ನೊಬ್ಬರ ಆಸರೆ ಬೇಕಾಗುತ್ತದೆ. ಆರು ನಿಮಿಷದಲ್ಲಿ ಸಮತಟ್ಟು ಜಾಗದಲ್ಲಿ ಎಷ್ಟು ಮೀಟರ್ ನಡೆದರು ಎಂಬುದು ಇನ್ನೊಂದು ಪರೀಕ್ಷೆ.

ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಪರೀಕ್ಷೆಗೆ ಗಡಿಯಾರವೂ ಬೇಡ. ರೋಗಿ ಒಂಟಿಕಾಲಲ್ಲಿ ನಿಂತಾಗ ಎತ್ತಿದ ಕಾಲಿನ ಕಡೆಯ ಸೊಂಟ ಕೆಳಕ್ಕೆ ಇಳಿದರೆ, ಊರಿದ ಕಾಲಿನ ಪಕ್ಕದ ಸ್ನಾಯು ಸೋತಿದೆ ಎಂದರ್ಥ. ಯಾಕೆಂದು ಒಂದು ಒರಟು ಲೆಕ್ಕ ಹಾಕೋಣ. ಅರವತ್ತು ಕಿಲೋ ತೂಗುವವನು ಒಂಟಿಕಾಲಲ್ಲಿ ನಿಂತರೆ ಆ ಕಾಲನ್ನು ಬಿಟ್ಟು ಉಳಿದ ಐವತ್ತು ಕಿಲೋ ಸೊಂಟದ ಕೀಲಿನ ಮೇಲೆ ಬೀಳುತ್ತದೆ. ಈ ಭಾರ ಕೀಲಿನಿಂದ 10 ಸೆಂಟಿಮೀಟರ್ ಒಳಗಡೆ, ಅದನ್ನು ಸಮತೋಲದಲ್ಲಿ ಹಿಡಿಯುವ ಸ್ನಾಯು ಕೀಲಿನಿಂದ 5 ಸೆಂಟಿಮೀಟರ್ ಹೊರಗಡೆ ಎಂದಿಟ್ಟುಕೊಳ್ಳಿ. ಸನ್ನೆಯ ನಿಯಮದಂತೆ ಸ್ನಾಯು ನೂರು ಕಿಲೋದಷ್ಟು ಎಳೆಯಬೇಕು. ಎರಡೂ ಸೇರಿ ಕೀಲಿನ ಮೇಲೆ 150 ಕಿಲೋ, ದೇಹತೂಕದ ಎರಡೂವರೆ ಪಟ್ಟು!

ಈಗ ಕೋಲು ಕೊಡಿ. ಯಾವ ಕೈಗೆ? ನೋವಿರುವ ಕಡೆಗೇ ಹಿಡಿಯುವವರೇ ಹೆಚ್ಚು. ಹಿಡಿಯಬೇಕಾದದ್ದು ಎದುರು ಕೈಯಲ್ಲಿ. ಆಗ ಕೋಲು ಕೀಲಿನಿಂದ ಸುಮಾರು 35 ಸೆಂಟಿಮೀಟರ್ ದೂರ ಬೀಳುತ್ತದೆ. ಅದರ ಮೇಲೆ ಬರೀ ಐದು ಕಿಲೋ ಭಾರ ಊರಿದರೂ ಸ್ನಾಯುವಿನ ಎಳೆತ 65ಕ್ಕೆ, ಕೀಲಿನ ಭಾರ 110ಕ್ಕೆ ಇಳಿಯುತ್ತದೆ. ಐದು ಕಿಲೋ ಊರಿ ನಲವತ್ತು ಕಿಲೋ ಇಳಿಸಿದಂತಾಯಿತು. ಒಂಬತ್ತನೇ ತರಗತಿಯ ಮಕ್ಕಳಿಗೆ ಸನ್ನೆಯ ಪಾಠದಲ್ಲಿ ಈಗ ನಾನು ಕತ್ತರಿ, ಅಡಕತ್ತರಿಯ ಜೊತೆಗೆ ಅಜ್ಜಿಯ ಕೋಲನ್ನೂ ಸೇರಿಸಿಕೊಂಡಿದ್ದೇನೆ.

ತೂಕದ ಯಂತ್ರಕ್ಕೂ ಇಲ್ಲಿ ಕೆಲಸವಿದೆ. 'ಹದಿನೈದು ಕಿಲೋ ಮಾತ್ರ ಊರಿ' ಎಂದು ಡಾಕ್ಟರು ಹೇಳಿದರೆ ಕಾಲಿಗೆ ಹೇಗೆ ಗೊತ್ತಾಗಬೇಕು? ಊರುಗೋಲು ಹಿಡಿದು ನಿಂತು, ಆ ಕಾಲನ್ನು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಇಟ್ಟು, ಮುಳ್ಳು ಹದಿನೈದಕ್ಕೆ ಬರುವಷ್ಟೇ ಒತ್ತಿ ಅಭ್ಯಾಸ ಮಾಡಿಸುತ್ತಾರೆ. ಯಾವಾಗ, ಎಷ್ಟು ಊರಬೇಕೆಂಬುದನ್ನು ಮಾತ್ರ ಡಾಕ್ಟರೇ ನಿರ್ಧರಿಸಬೇಕು. ಪಕ್ಕದ ಮನೆಯವನು ಎರಡು ತಿಂಗಳಿಗೆ ನಡೆದನೆಂದು ನಾವೂ ನಡೆಯುವಂತಿಲ್ಲ. ಅವನ ಬಳೆಯ ಒಡಕು ಬೇರೆ, ನಮ್ಮದು ಬೇರೆ.

ಪತ್ರಿಕೆಯಲ್ಲಿಲ್ಲದ ಪ್ರಶ್ನೆಗಳು

ಮಜೀದರ ಹಾಳೆಯಲ್ಲಿ ಕೂರುವುದಕ್ಕೆ ಹತ್ತು ಅಂಕ ಇದೆ, ಸರಿ. ಎಲ್ಲಿ ಕೂರುವುದು? ಕುರ್ಚಿಯ ಮೇಲೋ, ನೆಲದ ಮೇಲೋ? ನಮ್ಮವನು ಬೆಂಚಿನ ಮೇಲೆ ಅರ್ಧ ದಿನ ಕೂರಬಲ್ಲ. ಆದರೆ ಚಕ್ಕಳಮಕ್ಕಳ ಹಾಕಿ ಎಲೆಯ ಮುಂದೆ ಕೂರಲಾರ, ಕುಕ್ಕರುಗಾಲಲ್ಲಿ ಕೂತು ಅಡಿಕೆ ಹೆಕ್ಕಲಾರ, ಹಳೆಯ ನಮೂನೆಯ ಪಾಯಿಖಾನೆ ಬಳಸಲಾರ. ಮದುವೆ ಮುಂಜಿಯ ಮನೆಗೆ ಹೋದರೆ ಪಂಕ್ತಿಗೆ ಕೂರದೆ, ಕೊನೆಗೆ ಹುಡುಗರ ಜೊತೆ ಮೂಲೆಯ ಟೇಬಲ್ಲಿನಲ್ಲಿ ಉಂಡು ಬರುತ್ತಾನೆ. ಹೋಗುವುದನ್ನೇ ಕಡಿಮೆ ಮಾಡಿದ್ದ. ಹಾಳೆ ಅದಕ್ಕೆ ಹತ್ತರಲ್ಲಿ ಎಂಟು ಕೊಟ್ಟಿದೆ.

2021ರ ಸುಮಾರಿಗೆ ಅವನ ಬದುಕಿಗೆ ಇನ್ನೊಂದು ತಿರುವು ಸಿಕ್ಕಿತು. ನೆಲದಲ್ಲಿ ನಿಂತೇ ಕೊನೆ ಕೊಯ್ಯುವ, ಕಾರ್ಬನ್ ಫೈಬರಿನ ಉದ್ದನೆಯ ದೋಟಿ ನಮ್ಮ ಕಡೆಗೂ ಬಂತು. ಸಂಘದ ಸಾಲ ತೆಗೆದು ಒಂದನ್ನು ಕೊಂಡ. ಎರಡು ಸೀಸನ್ನಿನಲ್ಲಿ ಕೈ ಕುದುರಿತು. ಈಗ ಹತ್ತಾರು ತೋಟದ ಕೊಯ್ಲು ಅವನದೇ. ನಾನು ಮತ್ತೆ ಹಳೆಯ ಹಾಳೆ ತೆಗೆದೆ. ಈಗ ಉದ್ಯೋಗಕ್ಕೆ ಎಷ್ಟು? ಕೆಲಸ ಬದಲಾಯಿತು ಎಂದರೆ 12. ಅದೇ ಕೊನೆಕೊಯ್ಲು, ಸಾಮರ್ಥ್ಯ ಸ್ವಲ್ಪ ಕಡಿಮೆ ಎಂದರೆ 16. ಉಳಿದದ್ದೆಲ್ಲ ಹಾಗೇ ಇದ್ದರೂ ಮೊತ್ತ 81ರಿಂದ 85ಕ್ಕೆ, 'ಅತ್ಯುತ್ತಮ'ದ ಹೊಸ್ತಿಲಿಗೆ ಬಂತು! ಅವನ ಮೂಳೆಯಲ್ಲಿ ಒಂದು ಮಿಲಿಮೀಟರೂ ಬದಲಾಗಿರಲಿಲ್ಲ. ಬದಲಾದದ್ದು ಕೈಯಲ್ಲಿನ ಸಲಕರಣೆ. ಗುಣವಾಗುವುದೆಂದರೆ ದೇಹವೊಂದರ ಮಾತಲ್ಲ, ಆ ದೇಹಕ್ಕೆ ಸಿಗುವ ಕೆಲಸ, ಕೋಲು, ಪಾಯಿಖಾನೆ, ಸಾಲ ಎಲ್ಲದರ ಮಾತು ಎಂಬುದು ನನಗೆ ಆಗ ಮನವರಿಕೆಯಾಯಿತು.

ಹಾಗೆಂದು ಅಂಕಪಟ್ಟಿಯನ್ನೇ ಹರಿದು ಹಾಕಬೇಕೆಂದಲ್ಲ. ಪರೀಕ್ಷೆ ಪೂರ್ತಿ ಸತ್ಯ ಹೇಳುವುದಿಲ್ಲವೆಂದು ಶಾಲೆಯಲ್ಲಿ ನಾವು ಪರೀಕ್ಷೆ ಬಿಟ್ಟಿಲ್ಲ. ಒಂದೇ ಅಳತೆಯನ್ನು ನಂಬದೆ ಎಕ್ಸ್-ರೇ, ನಡಿಗೆ, ರೋಗಿಯ ಮಾತು ಮೂರನ್ನೂ ಪಕ್ಕಪಕ್ಕ ಇಡಬೇಕು. ಒಂದೇ ಸಲವಲ್ಲ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ, ಎರಡು ವರ್ಷ ಹೀಗೆ ಮತ್ತೆ ಮತ್ತೆ ಅಳೆಯಬೇಕು. ಮನೆಯವರೂ ಒಂದು ನೋಟ್‌ಬುಕ್ ಇಟ್ಟು ಬರೆಯಬಹುದು: ಇವತ್ತು ಎಷ್ಟು ದೂರ ನಡೆದರು, ರಾತ್ರಿ ನೋವಿಗೆ ಎಚ್ಚರವಾಯಿತೇ, ಮೂತ್ರಕ್ಕೆ ತೊಂದರೆಯಿದೆಯೇ, ಯಾವ ಕೆಲಸ ಬಿಟ್ಟಿದ್ದಾರೆ, ಯಾವುದು ಮತ್ತೆ ಶುರುವಾಯಿತು. ಡಾಕ್ಟರ ಎದುರು 'ಅಡ್ಡಿಲ್ಲ' ಎಂದು ಬಾಯಿ ಹೇಳಿದರೂ ನೋಟ್‌ಬುಕ್ ನಿಜ ಹೇಳುತ್ತದೆ.

ಆ ದಿನ ನಾನೂ ಒಂದು ಹಾಳೆಯಲ್ಲಿ ಅಡಿಪಟ್ಟಿ ಹಿಡಿದು 20 ಸೆಂಟಿಮೀಟರಿನ ಗೆರೆ ಎಳೆದೆ. ಕೆಳಗೆ ಸೊನ್ನೆ, ಮೇಲೆ ನೂರು. "ಈಗ ನೀನೇ ಅಂಕ ಹಾಕು" ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಎಪ್ಪತ್ತರ ಹತ್ತಿರ ಪೆನ್ನು ಊರಿದ. ಉಳಿದ ಮೂವತ್ತು ಎಲ್ಲಿ ಹೋಯಿತೆಂದು ಕೇಳಿದೆ. ಒಂದೊಂದಾಗಿ ಹೇಳಿದ. ಪಂಕ್ತಿಯ ಊಟ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೋಗುವುದು. ಮರದ ತುದಿಯಿಂದ ತೋಟ ನೋಡುವುದು. ನಾನು ಗೆರೆಯ ಪಕ್ಕದಲ್ಲೇ ಬರೆದುಕೊಂಡೆ. ಕೊನೆಗೆ, ಬಾಯಿಬಿಟ್ಟು ಹೇಳದ ಒಂದಕ್ಕೆ ಖಾಲಿ ಸಾಲೊಂದನ್ನು ಬಿಟ್ಟು, "ಇದನ್ನು ಡಾಕ್ಟರ ಹತ್ತಿರ ನೀನೇ ತುಂಬಿಸು" ಎಂದೆ.

ಮುಂದಿನ ತಪಾಸಣೆಗೆ ಹೋಗುವಾಗ ಆ ಹಾಳೆಯನ್ನೂ ಫೈಲಿಗೆ ಸೇರಿಸಿ ಒಯ್ದ. ವಾರದ ನಂತರ ಪೇಟೆಯಲ್ಲಿ ಸಿಕ್ಕಾಗ ನಾನು ಏನೂ ಕೇಳಲಿಲ್ಲ. ದೋಟಿಯ ಕತ್ತಿ ಸಾಣೆ ಹಿಡಿಸಲು ಬಂದಿದ್ದ. ಮಾತು ಮುಗಿಸಿ ಹೊರಟವನು ಹಿಂದಿರುಗಿ ನೋಡಿ ಹೇಳಿದ:

"ಈ ಸಲ ಡಾಕ್ಟರು ಬಾಗಿಲು ಹಾಕ್ಕೊಂಡು ಮಾತಾಡಿದ್ರು ಮೇಷ್ಟ್ರೆ. ಔಷಧಿ ಕೊಟ್ಟಿದಾರೆ."